ಭಾವನ ಬೋಟಿಗೊಂದು ಮುಳ್ಳು

ಅಕ್ಕನ ಮನೆಯ ಜಗಲಿ ಮೂಲೆಯಲ್ಲಿ ಒಂದು ಬಿದಿರಿನ ಕೋಲಿದೆ. ಉದ್ದ ಒಂದೂವರೆ ಮೊಳ, ದಪ್ಪ ಕಿರುಬೆರಳಿನಷ್ಟು. ಕೆಳಗಿನ ಭಾಗವೆಲ್ಲ ಡೀಸೆಲ್ ಕುಡಿದು ಕುಡಿದು ಕಪ್ಪಾಗಿದೆ. ಆ ಕಪ್ಪಿನ ಮೇಲೆ ಚಾಕುವಿನಿಂದ ಹಾಕಿದ ಹನ್ನೆರಡು ಕಚ್ಚುಗಳು. ಮನೆಗೆ ಹೊಸದಾಗಿ ಬಂದವರು ಅದನ್ನು ನಾಯಿ ಓಡಿಸುವ ಕೋಲು ಎಂದುಕೊಳ್ಳುತ್ತಾರೆ. ನಾಯಿಯೂ ಹಾಗೆಯೇ ತಿಳಿದಿದೆ.

ಅದು ಭಾವನ ಬೋಟಿನ ಅಳತೆಗೋಲು. ಹೊನ್ನಾವರಕ್ಕೆ ಬರುವ ಹೊತ್ತಿಗೆ ಶರಾವತಿಗೆ ಜೋಗದಲ್ಲಿ ಧುಮುಕಿದ ಆವೇಶವೆಲ್ಲ ಇಳಿದಿರುತ್ತದೆ. ಕುರ್ವೆಗಳ ಸುತ್ತ ಬಳಸಿಕೊಂಡು, ಹರಡಿಕೊಂಡು, ಕಡಲಿಗೆ ಹೋಗಲೋ ಬೇಡವೋ ಎಂಬಂತೆ ತಡಮಾಡುತ್ತದೆ. ಆ ಅಗಲದ ನೀರಿನಲ್ಲಿ ಭಾವ ಪ್ರವಾಸಿಗರನ್ನು ಕೂರಿಸಿಕೊಂಡು ಕಾಂಡ್ಲಾ ಗಿಡಗಳ ನಡುವೆ ಸುತ್ತಿಸಿ ತರುತ್ತಾರೆ. ಫೈಬರ್ ಬೋಟು, ಹಿಂದುಗಡೆ ಹಲಗೆಯಡಿ ಡೀಸೆಲ್ ಇಂಜಿನ್, ಅದರ ಪಕ್ಕ ಅರವತ್ತು ಲೀಟರಿನ ತಗಡಿನ ಟಾಂಕಿ. ಪ್ರತಿ ಸಲ ಹೊರಡುವ ಮುಂಚೆ ಭಾವ ಟಾಂಕಿಯ ಮುಚ್ಚಳ ತಿರುಗಿಸಿ ತೆಗೆದು ಕೋಲನ್ನು ಅಡಿ ಮುಟ್ಟುವವರೆಗೆ ಇಳಿಸುವರು, ಎತ್ತುವರು, ಬೆಳಕಿಗೆ ಹಿಡಿದು ಹಸಿ ಎಲ್ಲಿಯವರೆಗೆ ಹೊಳೆಯುತ್ತದೆ ಎಂದು ನೋಡುವರು, ಪಂಚೆಯ ತುದಿಗೆ ಒರೆಸುವರು. "ಇಪ್ಪತ್ತು ಲೀಟರ್ ಅದೆ. ಅಡ್ಡಿಲ್ಲ." ಇಷ್ಟಾದ ಮೇಲೆಯೇ ಇಂಜಿನ್ನಿಗೆ ಕೀಲಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಆ ಕೋಲಿನ ಮೇಲೆ ಮೊದಲಿನಿಂದಲೂ ಒಂದು ತಕರಾರು. ಕಚ್ಚುಗಳು ಸಮ ಅಂತರದಲ್ಲಿರಲಿಲ್ಲ. ಅಡಿಯಿಂದ ಮೊದಲ ಕಚ್ಚು ನನ್ನ ಸ್ಕೇಲಿನಲ್ಲಿ 13 ಸೆಂಟಿಮೀಟರ್ ದೂರ. ತುದಿಗೆ ಬಂದರೆ ಕೊನೆಯ ಎರಡು ಕಚ್ಚುಗಳ ನಡುವೆ ಎರಡು ಸೆಂಟಿಮೀಟರೂ ಇಲ್ಲ. ಪ್ರತಿ ಕಚ್ಚಿಗೂ ಐದು ಲೀಟರ್ ಎಂದು ಭಾವನ ಲೆಕ್ಕ. ಪರೀಕ್ಷೆಯಲ್ಲಿ ಯಾವನಾದರೂ ಹುಡುಗ ಹೀಗೆ ಅಳತೆಪಟ್ಟಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು 'ಪಾಲಕರನ್ನು ಕರೆತರುವುದು' ಎಂದು ಬರೆಯುತ್ತಿದ್ದೆ. ಅಕ್ಕನ ಗಂಡನಾದ್ದರಿಂದ ಸುಮ್ಮನಿದ್ದೆ.

ಒಳಗೆ ಎಷ್ಟಿದೆ ಎಂದು ಹೊರಗಿನಿಂದ ತಿಳಿಯುವ ಕಷ್ಟ ಬೋಟಿಗೆ ಮಾತ್ರ ಇರುವುದಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಯಾವಾಗ ಮುಗಿಯುತ್ತದೆ ಎಂಬುದು ಒಗ್ಗರಣೆ ಹಾಕುವ ಕ್ಷಣದವರೆಗೂ ದೇವರಿಗೇ ಗೊತ್ತು. ಅದನ್ನು ಎತ್ತಿ ನೋಡುವುದು, ಓರೆ ಮಾಡಿ ಅಲ್ಲಾಡಿಸುವುದು, ಒದ್ದೆ ಬಟ್ಟೆ ಒರೆಸಿ ಎಲ್ಲಿಯವರೆಗೆ ಬೇಗ ಆರುತ್ತದೆ ಎಂದು ಕಾಯುವುದು, ಎಲ್ಲ ಆಗಿದೆ. ತಾರಸಿಯ ಮೇಲಿನ ನೀರಿನ ಟಾಂಕಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಮೇಲಿನಿಂದ ಕೆಳಕ್ಕೆ ಬಂದು, ಸದ್ದು ಬದಲಾದಲ್ಲಿ ನಿಲ್ಲುವ ವಿದ್ಯೆ ನನ್ನ ಹೆಂಡತಿಗೆ ಸಿದ್ಧಿಸಿದೆ. ವೈದ್ಯರು ಎದೆ ತಟ್ಟಿ ನೋಡುವುದೂ ಇದೇ ಜಾತಿಯದು. ನಾನು ಇಪ್ಪತ್ತು ವರ್ಷ ಓಡಿಸಿದ ಬಜಾಜ್ ಚೇತಕ್‌ಗೆ ಪೆಟ್ರೋಲಿನ ಮುಳ್ಳೇ ಇರಲಿಲ್ಲ. ಅದು ಕೆಮ್ಮಿ ಕೆಮ್ಮಿ ನಿಂತಾಗ ಸೀಟಿನ ಕೆಳಗಿನ ಕೀಲನ್ನು ರಿಸರ್ವಿಗೆ ತಿರುಗಿಸಬೇಕು. ರಿಸರ್ವಿನಲ್ಲೂ ನಿಂತರೆ ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಎಬ್ಬಿಸಿ, ಇನ್ನೊಂದು ಕಿಲೋಮೀಟರಿನಷ್ಟು ಕರುಣೆ ಬೇಡಬೇಕು. ಅಮೆರಿಕವನ್ನು ಚಕ್ರದ ಮೇಲೆ ಕೂರಿಸಿದ ಫೋರ್ಡ್ ಮಾಡೆಲ್ ಟಿ ಕಾರಿನ ಟಾಂಕಿ ಮುಂದಿನ ಸೀಟಿನಡಿಯಲ್ಲಿತ್ತಂತೆ. ಎಷ್ಟಿದೆ ಎಂದು ನೋಡಬೇಕಾದರೆ ಕೂತವರು ಎದ್ದು, ಸೀಟು ಎತ್ತಿ, ಕೋಲು ಇಳಿಸಬೇಕು. ಪೆಟ್ರೋಲು ತನ್ನ ಭಾರಕ್ಕೇ ಇಂಜಿನ್ನಿಗೆ ಇಳಿಯುತ್ತಿದ್ದುದರಿಂದ ಟಾಂಕಿ ಖಾಲಿಯಾಗುತ್ತ ಬಂದ ಕಾರು ಕಡಿದಾದ ಗುಡ್ಡವನ್ನು ಮುಖ ಮಾಡಿ ಹತ್ತುತ್ತಿರಲಿಲ್ಲ, ಬೆನ್ನು ಮಾಡಿ ಹತ್ತುತ್ತಿತ್ತು. ಇದನ್ನು ಓದಿದ ದಿನದಿಂದ ಭಾವನ ಕೋಲಿನ ಬಗ್ಗೆ ನನ್ನ ಧೋರಣೆ ಸ್ವಲ್ಪ ಮೆತ್ತಗಾಯಿತು. ಕಚ್ಚುಗಳ ಬಗ್ಗೆ ಅಲ್ಲ.

ಹೋದ ವರ್ಷ ಮಾರ್ಚಿನ ಒಂದು ಸಂಜೆ ಕೋಲು ಕೈಕೊಟ್ಟಿತು. ಬಿಟ್ಟಿ ಸವಾರಿಯ ಆಸೆಗೆ ನಾನೂ ಬೋಟಿನಲ್ಲಿದ್ದೆ. ಅಂದಿನ ಗಿರಾಕಿಗಳು ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಹುಡುಗ ಹುಡುಗಿ, ಅವರ ಹಿಂದೆ ಫೋಟೋದವರು ನಾಲ್ಕು ಜನ, ಅವರ ಹಿಂದೆ ಆರು ಪೆಟ್ಟಿಗೆ. ಹುಡುಗಿಯ ಉದ್ದದ ನಿಲುವಂಗಿ ಮುಂದೆ ಹಾಸಿಕೊಂಡಿದ್ದರಿಂದ ಪೆಟ್ಟಿಗೆಗಳೂ ಜನರೂ ಹಿಂದಕ್ಕೆ ಬಂದರು. ಬೋಟು ಮೂತಿ ಎತ್ತಿ ಅಂಡೂರಿ ಕೂತಿತು. ಹಾಗೆ ಕೂತಾಗ ಭಾವ ಕೋಲು ಇಳಿಸಿದರು. ಟಾಂಕಿಯ ಬಾಯಿ ಇರುವುದೂ ಹಿಂದಿನ ತುದಿಗೆ. ಇದ್ದಬದ್ದ ಡೀಸೆಲೆಲ್ಲ ಹಿಂದಕ್ಕೆ ಸರಿದು ನಿಂತಿತ್ತು. ಕೋಲು ಹದಿನೈದು ಲೀಟರ್ ಎಂದಿತು. ಅಷ್ಟಿರಲಿಲ್ಲ.

ರೈಲ್ವೆ ಸೇತುವೆ ಕಾಣುವಷ್ಟು ಮೇಲೆ ಹೋಗಿ, ಹೊತ್ತು ಮುಳುಗುವ ಬೆಳಕಿನಲ್ಲಿ ನೂರಾರು ಫೋಟೋ ತೆಗೆದು, ತಿರುಗಿ ಬರುವಾಗ ಇಂಜಿನ್ ಒಮ್ಮೆ ಏರಿತು, ಒಮ್ಮೆ ಇಳಿಯಿತು, ನಿಂತಿತು. ಇಳಿತದ ಹೊತ್ತು. ನೀರು ಅಳಿವೆಯ ಕಡೆ ಎಳೆಯುತ್ತಿತ್ತು. ಸದ್ದಿಲ್ಲದ ಬೋಟು ನಿಧಾನಕ್ಕೆ ಅಡ್ಡ ತಿರುಗಿ ಅರಬ್ಬಿ ಸಮುದ್ರದ ದಿಕ್ಕಿಗೆ ಹೊರಟಿತು. ಅಷ್ಟರಲ್ಲಿ ಸೇತುವೆಯ ಮೇಲೆ ರೈಲು ಬಂತು. ಎರಡು ಕಿಲೋಮೀಟರಿಗೂ ಮೀರಿದ ಸೇತುವೆ, ದಾಟಲು ಹೊತ್ತು ಬೇಕು. ನಾವು ಎರಡೂ ಕೈ ಎತ್ತಿ ಬೀಸಿದೆವು. ರೈಲಿನ ಬಾಗಿಲಲ್ಲಿ ನಿಂತವರು ಖುಷಿಯಿಂದ ನಮಗೂ ಕೈ ಬೀಸಿದರು. ಒಂದು ಮಗುವನ್ನು ಎತ್ತಿ ಹಿಡಿದು ಅದರ ಕೈಯಲ್ಲೂ ಬೀಸಿಸಿದರು.

ಡೀಸೆಲ್ ಇಂಜಿನ್ನಿನ ಸ್ವಭಾವ ಪೆಟ್ರೋಲಿನದರಂತಲ್ಲ. ಪೆಟ್ರೋಲ್ ಗಾಡಿ ಹಸಿವಿನಿಂದ ನಿಂತರೆ ಒಂದು ಬಾಟಲಿ ಹೊಯ್ದು ಹೊರಡಬಹುದು. ಡೀಸೆಲ್ ಹಾಗಲ್ಲ, ಒಮ್ಮೆ ಪೈಪಿನಲ್ಲಿ ಗಾಳಿ ಹೊಕ್ಕಿತೋ ಎಣ್ಣೆ ಹೊಯ್ದರೂ ಮುನಿಸು ಬಿಡುವುದಿಲ್ಲ. ಫಿಲ್ಟರಿನ ಮೇಲಿನ ನಟ್ಟು ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನೊರೆಯಾಗಿ ಬರುವ ಎಣ್ಣೆ ಗುಳ್ಳೆಯಿಲ್ಲದೆ ಹರಿಯುವವರೆಗೆ ಗಾಳಿ ತೆಗೆಯಬೇಕು. ನಾಡದೋಣಿಯವರೊಬ್ಬರು ಹಗ್ಗ ಎಸೆದು ನಮ್ಮನ್ನು ದಡಕ್ಕೆ ಎಳೆದುಕೊಂಡು ಬಂದರು. ಕತ್ತಲಲ್ಲಿ ಟಾರ್ಚ್ ಹಿಡಿದು ಭಾವ ಗಾಳಿ ತೆಗೆಯುತ್ತಿದ್ದರೆ ಫೋಟೋದವರು ಅದನ್ನೂ ಬಿಡಲಿಲ್ಲ. ಆಮೇಲೆ ಆ ಆಲ್ಬಮ್ಮಿನಲ್ಲಿ ಎಲ್ಲರೂ ಮೆಚ್ಚಿದ್ದು ನಡುಹೊಳೆಯಲ್ಲಿ ತೇಲಿ ಹೋಗುವಾಗ ತೆಗೆದ ಪಟವನ್ನೇ ಅಂತೆ. ಹುಡುಗಿಯ ಕಣ್ಣಲ್ಲಿ ನಿಜವಾದ ಭಾವನೆ ಇತ್ತು.

"ಭಾವ, ಕಾರಿಗೆಲ್ಲ ಇರ್ತದಲ, ಆ ಮುಳ್ಳು, ಅದು ಬೋಟಿಗೂ ಹಾಕ್ಲಿಕ್ಕೆ ಬತ್ತದಾ?" ಎಂದು ಮರುದಿನ ಬೆಳಿಗ್ಗೆ ಭಾವ ನನ್ನನ್ನು ಕೇಳಿದರು. ನನಗೆ ಅವರು ಭಾವ, ಅವರಿಗೂ ನಾನು ಭಾವ. ಒಳಗಿಂದ ಕೇಳಿಸಿಕೊಳ್ಳುವ ಅಕ್ಕನಿಗೆ ಯಾರು ಯಾರನ್ನು ಕರೆಯುತ್ತಿದ್ದಾರೆ ಎಂದು ತಿಳಿಯದೆ ಇಬ್ಬರಿಗೂ ಚಹಾ ತರುತ್ತಾಳೆ. "ಬರದೇ ಏನು? ಅದು ಬರೀ ಓಮನ ನಿಯಮ" ಎಂದೆ. ಈ ಮಾತನ್ನು ನಾನು ಆಡಬಾರದಿತ್ತು. ಓಮನ ನಿಯಮವನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದವನು ಮನೆಯ ಫ್ಯೂಸ್ ಹೋದಾಗ ಲೈನ್‌ಮನ್‌ಗೆ ಫೋನ್ ಮಾಡುವವನು.

ಮಳೆಗಾಲಕ್ಕೆ ಕೆಲಸ ಎಂದಾಯಿತು. ಮೀನಿನ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ಬಂದ್. ಹೊಳೆಯೂ ಆಗ ಕೆಂಪಗೆ ಉಕ್ಕಿ ಹರಿಯುವುದರಿಂದ ಭಾವನ ಬೋಟೂ ದಡದಲ್ಲಿ ತೆಂಗಿನ ಗರಿ ಹೊದ್ದು ಮಲಗುತ್ತದೆ. ದಕ್ಕೆಯ ಹತ್ತಿರದ ಹುಡುಗನೊಬ್ಬ ಬೋಟುಗಳ ವೈರಿಂಗ್ ಮಾಡುತ್ತಾನೆ ಎಂದು ಭಾವ ಕರೆಸಿದರು. ಬಂದವನು ನನ್ನ ಕಾಲಿಗೆ ನಮಸ್ಕಾರ ಮಾಡಿ, "ಗುರ್ತು ಸಿಕ್ತಾ ಮಾಸ್ತರ್ರೇ? ಹತ್ತನೇ ಕ್ಲಾಸಲ್ಲಿ ಓಮನ ನಿಯಮಕ್ಕೆ ನಂಗೆ ಸೊನ್ನೆ ಹಾಕಿದ್ರಿ" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಅವನು ಡಬ್ಬಿಯಿಂದ ತೆಗೆದದ್ದಕ್ಕೆ ಅಂಗಡಿಯವರ ಭಾಷೆಯಲ್ಲಿ ಸೆಂಡರ್ ಎಂದು ಹೆಸರು. ಹುಡುಗ ಅದನ್ನು ಫ್ಲೋಟ್ ಎನ್ನುತ್ತಾನೆ. ಅಂಗೈಯಷ್ಟು ಅಗಲದ ದುಂಡು ತಟ್ಟೆ, ಅದರಿಂದ ಕೆಳಕ್ಕೆ ಇಳಿದ ಪಟ್ಟಿ, ಪಟ್ಟಿಯ ತುದಿಗೆ ಒಂದು ಕೀಲು, ಕೀಲಿನಿಂದ ಹೊರಟ ತಂತಿಯ ತೋಳು, ತೋಳಿನ ತುದಿಗೆ ಕರಿಯ ತೇಲುಬೆಂಡು. ಎಣ್ಣೆ ಏರಿದರೆ ಬೆಂಡು ಏರುತ್ತದೆ, ಇಳಿದರೆ ಇಳಿಯುತ್ತದೆ. ಕೀಲಿನ ಬಳಿ ಸಣ್ಣ ಡಬ್ಬಿಯಲ್ಲಿ ಕೂದಲಿನಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದಾರೆ. ತೋಳು ಆಡಿದ ಹಾಗೆ ಒಂದು ಪುಟ್ಟ ನಾಲಿಗೆ ಆ ಸುತ್ತಿನ ಮೇಲೆ ಸವರಿಕೊಂಡು ಹೋಗುತ್ತದೆ. ಕರೆಂಟು ಎಷ್ಟು ಉದ್ದದ ತಂತಿ ದಾಟಬೇಕು ಎಂಬುದು ಹೀಗೆ ಬದಲಾಗುತ್ತದೆ. ಹುಡುಗ ಮೀಟರಿನ ಎರಡು ಮುಳ್ಳುಗಳನ್ನು ತಾಗಿಸಿ, "ಬೆಂಡು ಎತ್ತಿ ಮಾಸ್ತರ್ರೇ" ಎಂದ. ನಾನು ಎತ್ತಿದೆ. ಪರದೆಯ ಮೇಲೆ ಅಂಕಿಗಳು ಓಡಿದವು. ಇಳಿಸಿದೆ, ಓಡುತ್ತ ವಾಪಸು ಬಂದವು. ಮತ್ತೆ ಎತ್ತಿದೆ. ಸೀಮೆಸುಣ್ಣದಲ್ಲಿ ನಾನು ಎಷ್ಟೋ ಸಾವಿರ ಸಲ ಬರೆದ ಆ ಪ್ರತಿರೋಧ ಎಂಬುದು ನನ್ನ ಬೆರಳಿಗೆ ಸಿಕ್ಕಿದ್ದು ಅದೇ ಮೊದಲು. ಐದು ನಿಮಿಷ ಆಡಿಸಿದೆ. ಹುಡುಗ ಸುಮ್ಮನೆ ಕಾದ.

ಭಾವನಿಗೆ ಬೇರೆಯೇ ದಿಗಿಲು. "ಎಣ್ಣೆಯೊಳಗೆ ಕರೆಂಟ್ ಬಿಡೂದಾ?" ನಾನು ಚೀಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದೆ: ಬ್ಯಾಟರಿ 12 ವೋಲ್ಟ್, ದಾರಿಯಲ್ಲಿ 240 ಓಮ್ ಇದ್ದರೆ ಹರಿಯುವುದು ಆಂಪಿಯರಿನ ಇಪ್ಪತ್ತನೇ ಒಂದು ಪಾಲು. ಭಾವನಿಗೆ ಚೀಟಿ ಬೇಕಿರಲಿಲ್ಲ, ಹುಡುಗನ ಮುಖ ಬೇಕಿತ್ತು. ಅವನು ತಲೆಯಾಡಿಸಿದ ಮೇಲೆ ಸಮಾಧಾನವಾಯಿತು. ಆದರೂ ಅವನು ಬೋಟಿನಲ್ಲೇ ಟಾಂಕಿಗೆ ತೂತು ಹೊಡೆಯಲು ಒಪ್ಪಲಿಲ್ಲ. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಬೋಟಿನ ಅಡಿಯಲ್ಲಿ ಹೋಗಿ ಕಾದು ಕೂರುತ್ತದೆ. ಡೀಸೆಲ್ ಅಷ್ಟು ಮುಂಗೋಪಿಯಲ್ಲ ನಿಜ, ಆದರೆ ಡ್ರಿಲ್ಲಿನಡಿ ಬಿಸಿಯಾದ ತಗಡಿನ ಹತ್ತಿರ ಯಾರ ಸ್ವಭಾವವನ್ನೂ ನಂಬಬಾರದು. ಮೇಲಾಗಿ ಕಬ್ಬಿಣದ ಪುಡಿ ಟಾಂಕಿಯೊಳಗೆ ಬಿದ್ದರೆ ಇಂಜಿನ್ನಿನ ಗಂಟಲಿಗೆ ಹೋಗುತ್ತದೆ. ಹಾಗಾಗಿ ಟಾಂಕಿ ಬಿಚ್ಚಿ, ಬರಿದು ಮಾಡಿ, ಸಾಬೂನು ನೀರಿನಲ್ಲಿ ತೊಳೆದು, ಅಕ್ಕನ ಜಗಲಿಯಲ್ಲಿ ಒಣಗಲು ಇಟ್ಟೆವು. ಆಷಾಢದ ಜಗಲಿಯಲ್ಲಿ ಏನು ಒಣಗುತ್ತದೆ? ಮೂರು ದಿನ ಮನೆಯೆಲ್ಲ ಡೀಸೆಲ್ ನಾತ. ಆ ವರ್ಷದ ಹಲಸಿನ ಹಪ್ಪಳವನ್ನು ಕರಿದಾಗ ಮಕ್ಕಳು "ಬಂಕಿನ ಹಪ್ಪಳ" ಎಂದು ಹೆಸರಿಟ್ಟರು. ಅಕ್ಕ ನಗಲಿಲ್ಲ.

ತಟ್ಟೆಯಲ್ಲಿ ಐದು ತೂತುಗಳಿದ್ದವು. ಟಾಂಕಿಯ ನೆತ್ತಿಯ ಮೇಲೆ ಅದೇ ಪ್ರಕಾರ ಐದು ತೂತು ಬೇಕು. ಇಲ್ಲಿ ನನ್ನ ವಿದ್ಯೆಗೆ ಅವಕಾಶ ಸಿಕ್ಕಿತು. ಕಂಪಾಸ್ ಪೆಟ್ಟಿಗೆ ತರಿಸಿ, ರಟ್ಟಿನ ಮೇಲೆ ವೃತ್ತ ಎಳೆದು, 360ನ್ನು 5ರಿಂದ ಭಾಗಿಸಿ, ಕೋನಮಾಪಕ ಇಟ್ಟು 72 ಡಿಗ್ರಿಗೊಂದರಂತೆ ಐದು ಚುಕ್ಕಿ ಇಟ್ಟೆ. ಹಾಗೆ ಚೊಕ್ಕ ಬಿಡಿಸಿದ ಚಿತ್ರ ನನ್ನ ಸೇವಾವಧಿಯಲ್ಲೇ ಇಲ್ಲ. ಹುಡುಗ ಅದನ್ನು ಗೌರವದಿಂದ ನೋಡಿ, ಸೆಂಡರಿನ ಜೊತೆ ಬಂದ ರಬ್ಬರ್ ಗ್ಯಾಸ್ಕೆಟ್ಟನ್ನು ಮೆಲ್ಲಗೆ ಅದರ ಮೇಲಿಟ್ಟ. ಒಂದೆರಡು ಚುಕ್ಕಿ ಕೂಡಿದವು. ಉಳಿದವು ಕೂಡಲಿಲ್ಲ. "ಐದೂ ಒಂದೇ ದೂರ ಇರೂದಿಲ್ಲ ಮಾಸ್ತರ್ರೇ. ಬೇಕಂತಲೇ ಹಂಗೆ ಮಾಡಿರ್ತಾರೆ. ತಟ್ಟೆ ಹ್ಯಾಂಗೆ ತಿರುಗ್ಸಿದ್ರೂ ಒಂದೇ ಬದಿಗೆ ಕೂರ್ಬೇಕಲ್ಲ. ಇಲ್ಲದಿದ್ರೆ ತೋಳು ಅಡ್ಡ ತಿರುಗಿ ಟಾಂಕಿಯ ಗೋಡೆಗೆ ಬಡೀತದೆ." ಎಂದವನೇ ಗ್ಯಾಸ್ಕೆಟ್ಟನ್ನೇ ಟಾಂಕಿಯ ಮೇಲಿಟ್ಟು ಮೊಳೆಯಿಂದ ಐದು ಗುರುತು ಹಾಕಿಕೊಂಡ. ಕೆಲಸ ಅರ್ಧ ನಿಮಿಷದ್ದು. ಡ್ರಿಲ್ಲಿನ ತುದಿಗೆ ದಪ್ಪಗೆ ಗ್ರೀಸ್ ಮೆತ್ತಿ, ಉದುರುವ ಪುಡಿಯೆಲ್ಲ ಅದಕ್ಕೇ ಅಂಟುವ ಹಾಗೆ ನಿಧಾನಕ್ಕೆ ತೂತು ಕೊರೆದ. ನನ್ನ ರಟ್ಟಿನ ಮೇಲೆ ಚಹಾದ ಲೋಟ ಇಟ್ಟುಕೊಂಡೆವು.

ಟಾಂಕಿಯ ನಟ್ಟನಡುವೆ ಸೆಂಡರ್ ಕೂತಿತು. ಬೋಟು ಮುಂದಕ್ಕೆ ಬಾಗಲಿ ಹಿಂದಕ್ಕೆ ಬಾಗಲಿ, ನಡುವಿನ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಫೋಟೋದವರ ಪೆಟ್ಟಿಗೆಗಳ ಆಟ ಇನ್ನು ನಡೆಯುವುದಿಲ್ಲ. ಚೌತಿ ಕಳೆದು ಮಳೆ ಇಳಿದ ಮೇಲೆ ಟಾಂಕಿಯನ್ನು ಬೋಟಿಗೆ ಮರಳಿ ಕೂರಿಸಿ ಹುಡುಗ ವೈರು ಎಳೆದ. ಸ್ಟಿಯರಿಂಗ್ ಪಕ್ಕದ ಹಲಗೆಯಲ್ಲಿ ದುಂಡನೆಯ ಗೇಜು. ಅದರ ಬೆನ್ನಲ್ಲಿ ಮೂರು ಮೊಳೆ: ಒಂದಕ್ಕೆ ಕೀಲಿಯಿಂದ ಬರುವ ಕರೆಂಟು, ಒಂದಕ್ಕೆ ಅರ್ತು, ಇನ್ನೊಂದರಿಂದ ಸೆಂಡರಿಗೆ ಗುಲಾಬಿ ಬಣ್ಣದ ವೈರು. ಟಾಂಕಿಯ ಮೈಯಿಂದಲೂ ಇಂಜಿನ್ನಿಗೆ ಒಂದು ಅರ್ತಿನ ತಂತಿ ಕೊಟ್ಟ. ಎಣ್ಣೆ ತುಂಬುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತು ಅಲ್ಲೇ ಕೂತು ಕಿಡಿಯಾಗದಿರಲಿ ಎಂದು. ಈ ಮಾತನ್ನು ಅವನಿಗೆ ಕಲಿಸಿದ್ದು ನಾನಲ್ಲ, ಅವನು ನನಗೆ ಹೇಳಿದ್ದು.

ಟಾಂಕಿಯ ಕುತ್ತಿಗೆಯವರೆಗೆ ಡೀಸೆಲ್ ತುಂಬಿಸಿದೆವು. ಅಕ್ಕ ಗೇಜಿಗೆ ಕುಂಕುಮ ಹಚ್ಚಿದಳು. ಭಾವ ಕೀಲಿ ತಿರುಗಿಸಿದರು. ಮುಳ್ಳು ಮೈ ಕೊಡವಿಕೊಂಡು ಎದ್ದು, ಎರಡು ಗೆರೆ ಏರಿ, ಖಾಲಿ ಎಂಬಲ್ಲಿಗಿಂತ ಕೂದಲೆಳೆ ಮೇಲೆ ನಿಂತಿತು.

"ಬಿಸಿ ಆಗಬೇಕೇನೋ" ಎಂದೆ ನಾನು.

ಎರಡು ಸುತ್ತು ಹೋಗಿ ಬಂದರು. ಮುಳ್ಳು ಸ್ವಲ್ಪ ಏರಿತ್ತು. ಮರುದಿನ ಇನ್ನೂ ಏರಿತು. ನಾಲ್ಕನೇ ದಿನ ಅರ್ಧ ದಾಟಿತು. ಓಡಿಸಿದಷ್ಟೂ ತುಂಬುವ ಟಾಂಕಿ! ದ್ರೌಪದಿಯ ಅಕ್ಷಯಪಾತ್ರೆಯಾದರೂ ಅವಳು ಉಂಡ ಮೇಲೆ ಬರಿದಾಗುತ್ತಿತ್ತು. ಇದು ಇಂಜಿನ್ ಉಂಡಷ್ಟೂ ಉಕ್ಕುತ್ತಿತ್ತು. ಭಾವ ಒಂದು ದಿನ ಯಾರಿಗೂ ಹೇಳದೆ ಆ ಮುಳ್ಳನ್ನು ನೋಡುತ್ತ ಕೂತಿದ್ದರಂತೆ. ಮನುಷ್ಯ ಎಷ್ಟೇ ಅನುಭವಸ್ಥನಿರಲಿ, ಬಿಟ್ಟಿ ಡೀಸೆಲ್ ಎಂಬ ಯೋಚನೆ ಒಂದು ಕ್ಷಣವಾದರೂ ಮನಸ್ಸಿನಲ್ಲಿ ಹಾದು ಹೋಗದಿರುವುದಿಲ್ಲ. ಐದನೇ ದಿನ ಮುಳ್ಳು ತುಂಬಿದ ಕಡೆಗೆ ನಡೆದಾಗ ಕೋಲು ಇಳಿಸಿದರು. ಹತ್ತು ಲೀಟರ್.

ಹುಡುಗ ಬಂದು ವೈರು ಬಿಚ್ಚಿ ಮೀಟರ್ ಹಿಡಿದ. ತಪ್ಪು ಅವನದಲ್ಲ, ಸೆಂಡರನ್ನು ಒಂದು ಊರಿನಿಂದ, ಗೇಜನ್ನು ಇನ್ನೊಂದು ಊರಿನಿಂದ ತರಿಸಿದ ನಮ್ಮದು. ಈ ಲೋಕದಲ್ಲಿ ಸೆಂಡರುಗಳಿಗೂ ಪಂಗಡಗಳಿವೆ. ಅಮೆರಿಕದ ಪದ್ಧತಿಯದು ಖಾಲಿ ಇದ್ದಾಗ 240 ಓಮ್, ತುಂಬಿದಾಗ 33. ಯುರೋಪಿನದು ಖಾಲಿ ಇದ್ದಾಗ 10, ತುಂಬಿದಾಗ 180. ನಮ್ಮ ಗೇಜು ಅಮೆರಿಕದ್ದು, ಸೆಂಡರು ಯುರೋಪಿನದು. ಒಂದು ಹೌದು ಎಂದದ್ದು ಇನ್ನೊಂದಕ್ಕೆ ಇಲ್ಲ ಎಂದು ಕೇಳಿಸುತ್ತಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಂಥ ದಾಂಪತ್ಯಗಳನ್ನು ನಾನು ನೋಡಿದ್ದೇನೆ. "ಓಮನ ನಿಯಮ ಸರಿಯೇ ಅದೆ ಮಾಸ್ತರ್ರೇ" ಎಂದು ಹುಡುಗ ನನ್ನನ್ನು ಸಮಾಧಾನ ಮಾಡಿದ.

ಆ ಸಂಜೆ ಭಾವನಿಗೆ ಬೇಸರ. ನಾನು ಧೈರ್ಯ ತುಂಬಲು ಕೆನಡಾದ ವಿಮಾನದ ಕಥೆ ಹೇಳಿದೆ. 1983ರ ಜುಲೈ 23. ಏರ್ ಕೆನಡಾದ ಹೊಚ್ಚ ಹೊಸ ಬೋಯಿಂಗ್ 767. ಅದರ ಇಂಧನದ ಗೇಜು ಕೆಟ್ಟಿತ್ತು. ಸರಿ, ರೆಕ್ಕೆಯಡಿಯಿಂದ ಕೋಲಿಳಿಸಿ ಅಳೆದರು. ಕೋಲಿನ ಅಳತೆಯಿಂದ ಲೀಟರ್ ಬಂತು. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸಬೇಕು. ಆಗ ಆ ದೇಶ ಪೌಂಡು ಬಿಟ್ಟು ಕಿಲೋ ಹಿಡಿಯುತ್ತಿದ್ದ ಕಾಲ. ಒಂದು ಲೀಟರಿಗೆ 0.8 ಕಿಲೋ ಎಂದು ಗುಣಿಸುವ ಬದಲು ಹಳೆಯ ಅಭ್ಯಾಸದಂತೆ 1.77 ಪೌಂಡಿನ ಲೆಕ್ಕದಲ್ಲಿ ಗುಣಿಸಿ, ಬಂದ ಉತ್ತರವನ್ನು ಕಿಲೋ ಎಂದುಕೊಂಡರು. ಬೇಕಿದ್ದದ್ದು 22,300 ಕಿಲೋ, ಇದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಒಂದು ಇಂಜಿನ್ ನಿಂತಿತು, ಆಮೇಲೆ ಇನ್ನೊಂದೂ ನಿಂತಿತು. ಪೈಲಟ್ ಬಾಬ್ ಪಿಯರ್ಸನ್‌ಗೆ ಇಂಜಿನ್ನಿಲ್ಲದ ಗ್ಲೈಡರ್ ಹಾರಿಸುವ ಹವ್ಯಾಸವಿತ್ತು. ಅಷ್ಟು ದೊಡ್ಡ ವಿಮಾನವನ್ನು ಒಣಗಿದ ಎಲೆಯ ಹಾಗೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅಲ್ಲಿ ಅಂದು ಕಾರುಗಳ ರೇಸಿನ ಜಾತ್ರೆ ನಡೆಯುತ್ತಿತ್ತು. 69 ಜನರೂ ಬದುಕಿದರು.

ಭಾವ ಕಥೆಯನ್ನು ಪೂರ್ತಿ ಕೇಳಿ, ಎಲೆಗೆ ಸುಣ್ಣ ಸವರುತ್ತ, "ಅಂದ್ರೆ ಕೋಲು ಸರಿ ಇತ್ತು. ಲೆಕ್ಕ ಮಾಡಿದ ಮಾಸ್ತರು ತಪ್ಪು" ಎಂದರು.

ಗೇಜಿನ ಬಿಲ್ಲು ಕಳೆದಿತ್ತು, ಹಾಗಾಗಿ ಅದು ವಾಪಸು ಹೋಗುವಂತಿರಲಿಲ್ಲ. ಸೆಂಡರನ್ನೇ ಬದಲಿಸಿ ಅಮೆರಿಕದ ಪಂಗಡದ್ದು ತರಿಸಿದೆವು. ಈಗ ಟಾಂಕಿ ಬೋಟಿನಲ್ಲಿ ಕೂತಾಗಿದೆ, ಒಳಗೆ ಡೀಸೆಲೂ ಇದೆ. ಹುಡುಗ ಹಲಗೆಯಡಿ ಬೋರಲು ಮಲಗಿ ಐದು ಸ್ಕ್ರೂ ಬಿಚ್ಚಿದ. ಹೊಸದನ್ನು ಇಳಿಸುವ ಮುಂಚೆ ವಾಶರುಗಳನ್ನು ಹಿಡಿದುಕೊಳ್ಳುವ ಜವಾಬ್ದಾರಿ ನನಗೆ. ನನ್ನ ಅಂಗೈಯಲ್ಲಿ ಐದು ವಾಶರ್. ಅಷ್ಟರಲ್ಲಿ ಪಕ್ಕದಲ್ಲೊಂದು ಬೋಟು ಹಾಯಿತು, ಅಲೆ ಬಂತು, ನಮ್ಮ ಬೋಟು ತೊಟ್ಟಿಲಂತೆ ಒಮ್ಮೆ ತೂಗಿತು. ಅಂಗೈಯಲ್ಲಿ ನಾಲ್ಕು ವಾಶರ್.

ಟಾಂಕಿಯ ತೂತಿನೊಳಗೆ ಟಿಣ್ ಎಂದು ಒಂದು ಸದ್ದು ಕೇಳಿತು.

ನಾನು ಮನೆಗೆ ಓಡಿ, ಶಾಲೆಯಿಂದ ನಿವೃತ್ತನಾದಾಗ ಮಕ್ಕಳು ನೆನಪಿಗೆಂದು ಕೊಟ್ಟ ಕುದುರೆ ಲಾಳದ ಅಯಸ್ಕಾಂತಕ್ಕೆ ದಾರ ಕಟ್ಟಿ ತಂದೆ. ಅದನ್ನು ಟಾಂಕಿಯೊಳಗೆ ಇಳಿಬಿಟ್ಟು ಬಾವಿಗೆ ಬಿದ್ದ ಕೊಡಪಾನ ಹುಡುಕುವ ಹಾಗೆ ಆಡಿಸಿದೆ. ಅಯಸ್ಕಾಂತ ಹೋಗಿ ಟಾಂಕಿಯ ಗೋಡೆಗೇ ಕಚ್ಚಿಕೊಂಡಿತು. ಹುಡುಗ ಕೆಮ್ಮಿದ. "ವಾಶರು ಸ್ಟೇನ್‌ಲೆಸ್ ಸ್ಟೀಲಿನದು ಮಾಸ್ತರ್ರೇ. ಅದಕ್ಕೆ ಅಯಸ್ಕಾಂತ ಹಿಡೀದಿಲ್ಲ." ಈ ಪಾಠವನ್ನೂ ನಾನು ಎಂಟನೇ ತರಗತಿಗೆ ಮಾಡುತ್ತಿದ್ದೆ. ಭಾವ ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ಹೊಸ ವಾಶರ್ ಹಾಕಿ ಸೆಂಡರ್ ಬಿಗಿದಾಯಿತು.

ಈ ಸಲ ಮುಳ್ಳು ಸರಿಯಾಗಿ ನಿಂತಿತು. ತುಂಬಿಸಿದಾಗ ತುಂಬಿದೆ ಎಂದಿತು, ಓಡಿಸಿದಂತೆ ಇಳಿಯಿತು. ಭಾವನ ಖುಷಿಗೆ ಮಿತಿಯಿಲ್ಲ. ಪ್ರವಾಸಿಗರಿಗೆ ಕಾಂಡ್ಲಾ ಗಿಡ, ಬೆಳ್ಳಕ್ಕಿ ತೋರಿಸುವ ಮುಂಚೆ ಗೇಜು ತೋರಿಸುತ್ತಿದ್ದರು. ಒಂದು ವಾರ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಫೋನು. "ಭಾವ, ಇದು ಅರ್ಧ ಅಂತದೆ. ಕೋಲು ಹದಿನೈದೇ ಲೀಟರ್ ಅಂತದೆ. ಅರವತ್ತರ ಅರ್ಧ ಮೂವತ್ತಲ್ದಾ?"

ಕೋಲಿನ ಕಚ್ಚುಗಳೇ ಓರೆಕೋರೆ, ಅದನ್ನು ನಂಬಬೇಡಿ ಎಂದು ಹೇಳಲು ನಾನೇ ಖುದ್ದು ಹೋದೆ. ಬಂಕಿನಿಂದ ಐದೈದು ಲೀಟರಿನ ಕ್ಯಾನ್ ತಂದು, ಖಾಲಿ ಟಾಂಕಿಗೆ ಒಂದೊಂದಾಗಿ ಹೊಯ್ಯುತ್ತ, ಪ್ರತಿ ಸಲವೂ ಕೋಲಿಳಿಸಿ ನೋಡಿದೆವು. ಮೊದಲ ಕ್ಯಾನಿಗೆ ಹಸಿ ನೇರ ಹೋಗಿ ಆ 13 ಸೆಂಟಿಮೀಟರಿನ ಕಚ್ಚಿಗೆ ನಿಂತಿತು. ಎರಡನೆಯದಕ್ಕೆ ಎರಡನೇ ಕಚ್ಚು. ಹನ್ನೆರಡು ಕ್ಯಾನಿಗೆ ಹನ್ನೆರಡು ಕಚ್ಚು. ಒಂದೂ ತಪ್ಪಲಿಲ್ಲ.

ಆಗ ನಾನು ಹಲಗೆ ಎತ್ತಿ ಟಾಂಕಿಯನ್ನು ಸರಿಯಾಗಿ ನೋಡಿದೆ. ಮೂರು ದಿನ ಜಗಲಿಯಲ್ಲಿ ನನ್ನ ಕಣ್ಣೆದುರೇ ಇದ್ದ ಟಾಂಕಿ. ಬೋಟಿನ ತಳ ಚೂಪಾಗಿರುವುದರಿಂದ ಅದಕ್ಕೆ ಒಗ್ಗುವಂತೆ ಟಾಂಕಿಯ ತಳವನ್ನೂ ಚೂಪು ಮಾಡಿದ್ದಾರೆ. ಅಡ್ಡ ಸೀಳಿದರೆ ತಲೆಕೆಳಗಾದ ತ್ರಿಕೋನ. ಅಂಥ ಪಾತ್ರೆಯಲ್ಲಿ ಅರ್ಧ ಆಳಕ್ಕೆ ಇರುವುದು ಅರ್ಧ ಅಲ್ಲ, ಕಾಲು. ತೇಲುಬೆಂಡಿಗೆ ಗೊತ್ತಿರುವುದು ಆಳ ಮಾತ್ರ. ಟಾಂಕಿ ಎಷ್ಟು ಅಗಲ ಎಂದು ಅದನ್ನು ಯಾರೂ ಕೇಳಿಲ್ಲ, ಅದೂ ಹೇಳಿಲ್ಲ. ಜಾತ್ರೆಯಲ್ಲಿ ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣ ಇದಕ್ಕಿಂತಲೂ ಮೋಸದ್ದು: ಶಂಖದ ಆಕಾರವಾದ್ದರಿಂದ ಅರ್ಧದವರೆಗೆ ತಿಂದಾಗ ಉಳಿದಿರುವುದು ಎಂಟನೇ ಒಂದು ಪಾಲು. ಇನ್ನೂ ಅರ್ಧ ಇದೆಯಲ್ಲ ಎಂದು ಮೊಮ್ಮಗನಿಗೆ ಕೊಟ್ಟು ನಾನು ಉದಾರಿಯಾಗಿದ್ದೇನೆ ಎಂದುಕೊಂಡ ಸಂಜೆಗಳೆಲ್ಲ ನೆನಪಾದವು.

"ಈ ಕಚ್ಚುಗಳನ್ನು ಹ್ಯಾಗೆ ಹಾಕಿದ್ರಿ ಭಾವ?" ಎಂದು ಕೇಳಿದೆ.

"ಐದು ಲೀಟರ್ ಹೊಯ್ದೆ, ಕೋಲು ಇಳಿಸ್ದೆ, ಒದ್ದೆ ಆದಲ್ಲಿ ಗೀರ್ದೆ. ಮತ್ತೆ ಹೊಯ್ದೆ. ಇನ್ನು ಹ್ಯಾಂಗೆ ಹಾಕೂದು?"

ಗೇಜನ್ನು ತೆಗೆಸಲಿಲ್ಲ. ಅಕ್ಕನ ಸೊಸೆಯ ಕೆಂಪು ನೇಲ್ ಪಾಲಿಶ್ ತರಿಸಿ, ಕೋಲು ಹೇಳಿದ ಪ್ರಕಾರ ಗೇಜಿನ ಗಾಜಿನ ಮೇಲೆ ಭಾವ ಮೂರು ಚುಕ್ಕಿ ಇಟ್ಟರು. ಮೂರೂ ಒಂದೇ ದೂರದಲ್ಲಿಲ್ಲ. ನಾನು ಏನೂ ಹೇಳಲಿಲ್ಲ. ಮೇಲಿನ ಚುಕ್ಕಿಗೆ ಮುಳ್ಳು ಬಂದರೆ ಗೇರುಸೊಪ್ಪೆ ಕಡೆಯ ದೂರದ ಸವಾರಿ ಒಪ್ಪಬಾರದು. ನಡುವಿನದಕ್ಕೆ ಬಂದರೆ ಸೇತುವೆಯಿಂದಲೇ ತಿರುಗಬೇಕು. ಕೆಳಗಿನದಕ್ಕೆ ಬಂದರೆ ಎದುರಿಗೆ ಯಾರೇ ನಿಂತು ಕೈ ಬೀಸಲಿ, ಸೀದಾ ಬಂಕು. ಲೀಟರಿನ ಮಾತೇ ಇಲ್ಲ.

ವಾಶರ್ ಇನ್ನೂ ಟಾಂಕಿಯಲ್ಲೇ ಇದೆ. ಅದರ ಬಗ್ಗೆ ನನಗೆ ನಾಚಿಕೆಯಿತ್ತು, ಈಚೆಗೆ ಅದೂ ಕಡಿಮೆಯಾಗಿದೆ. ಮೊನ್ನೆ ದಕ್ಕೆಯಲ್ಲಿ ಬೋಟು ಕಟ್ಟಿ ಇಂಜಿನ್ ಆರಿಸಿ ಕೂತಿದ್ದೆವು. ಅಲೆಗೆ ಬೋಟು ತೂಗಿದಾಗ ಹಲಗೆಯಡಿಯಿಂದ ಟಿಣ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. ಭಾವ ಕವಳ ಉಗುಳಿ ಬಂದು, ಗೇಜಿನ ಕಡೆ ನೋಡದೆ, ಕೋಲಿಗೂ ಕೈ ಹಾಕದೆ, ಖಾಲಿ ಕ್ಯಾನ್ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ತುಂಬಿದ್ದಾಗ ಅದು ಇಷ್ಟು ಸ್ಪಷ್ಟವಾಗಿ ಕೇಳುವುದಿಲ್ಲವಂತೆ.